ಖಾಲಿ ಹಾಳೆಯ ಮೇಲೆ ಒತ್ತಿದ ಹೆಬ್ಬೆಟ್ಟು

ಮುನಿಯಮ್ಮ, ನಿಮ್ಮ ಹೆಬ್ಬೆಟ್ಟಿನ ಮೇಲೆ ಸುಳ್ಳು ಬರೆದವನು ನಾನು. ಛೇರ್ಮನ್ನರಲ್ಲ, ತಾಲ್ಲೂಕಿನವರಲ್ಲ — ನಾನು. ಪಂಚಾಯಿತಿಯ ಸೆಕ್ರೆಟರಿ, ಅಕ್ಷರ ದುಂಡಗಿದೆ ಎಂದು ಊರಿನವರಿಂದ ಹೊಗಳಿಸಿಕೊಂಡವನು. ನಿಮ್ಮ ಕೇರಿಯಲ್ಲಿ ಆಗಬೇಕಾಗಿದ್ದ ಕುಡಿಯುವ ನೀರಿನ ಬಾವಿಯನ್ನು ಮೇಲಿನ ಬೀದಿಗೆ ಬರೆದೆ. ಅದಕ್ಕೆ ನೀವೂ ಒಪ್ಪಿದಿರಿ ಎಂದು ಸೇರಿಸಿದೆ. ಆಮೇಲೆ ನಿಮ್ಮ ಜನರೆಲ್ಲ ನಿಮ್ಮ ಮುಖಕ್ಕೆ ಉಗಿಯುವಾಗ, ಬಾಯಿ ಬಿಟ್ಟರೆ ಒಂದೇ ಮಾತಿನಲ್ಲಿ ಮುಗಿಯುತ್ತಿತ್ತು — ಆ ಒಂದು ಮಾತನ್ನು ಒಂಬತ್ತು ವರ್ಷ ಆಡಲಿಲ್ಲ.

ಈಗ ನಿಮ್ಮನ್ನು ‘ನೀವು’ ಎನ್ನುತ್ತಿದ್ದೇನೆ. ಬದುಕಿದ್ದಾಗ ಎನ್ನಲಿಲ್ಲ. ನನಗಿಂತ ಐದಾರು ವರ್ಷ ಹಿರಿಯರು, ಪಂಚಾಯಿತಿಯ ಮೆಂಬರು, ಆದರೂ ‘ಏನಮ್ಮ, ಬಂದೆಯಾ’ ಎಂದೇ ಮಾತಾಡಿಸಿದೆ. ನೀವು ನನ್ನನ್ನು ಸ್ವಾಮಿ ಎನ್ನುತ್ತಿದ್ದಿರಿ. ಅದರಲ್ಲಿ ತಪ್ಪಿದೆ ಎಂದು ಆಗ ನಮ್ಮ ಮನೆಯಲ್ಲಾಗಲಿ ನಿಮ್ಮ ಕೇರಿಯಲ್ಲಾಗಲಿ ಯಾರಿಗೂ ಅನ್ನಿಸಿರಲಿಲ್ಲ. ಸತ್ತವರಿಗೆ ಮರ್ಯಾದೆ ಕೊಡಲು ಖರ್ಚೇನೂ ಇಲ್ಲ ಬಿಡಿ, ಅದು ನನಗೂ ಗೊತ್ತು.

ನಮ್ಮನ್ನು ಅರಿಯದವರು ಇದನ್ನು ಓದಬಹುದು, ಅವರಿಗಾಗಿ ಎರಡು ಮಾತು ಹೇಳಬೇಕು. ನಮ್ಮೂರು ಕೋಗಿಲಿಗೂ ಯಲಹಂಕಕ್ಕೂ ನಡುವೆ ಇದೆ. ಸ್ಟೇಷನ್ನಿಗೆ ನಡೆದರೆ ಮುಕ್ಕಾಲು ಗಂಟೆ. ಮೇಲಿನ ಬೀದಿಯಲ್ಲಿ ಒಕ್ಕಲಿಗರ ಮನೆಗಳು, ನಮ್ಮದೂ ಸೇರಿ ಎರಡು ಶಾನುಭೋಗರ ಮನೆಗಳು. ಕೆರೆ ಏರಿಯ ಕೆಳಗೆ ಕೇರಿ. ಮೇಲಿನ ಬೀದಿಯವರಿಗೆ ಸ್ವಂತದ ಬಾವಿಗಳಿದ್ದವು. ಕೇರಿಯ ಹೆಂಗಸರು ಕೆರೆಯಂಗಳದಲ್ಲಿ ಒರತೆ ತೋಡಿಕೊಂಡು, ತೆಂಗಿನ ಚಿಪ್ಪಿನಲ್ಲಿ ಮೊಗೆದು, ಒಂದು ಬಿಂದಿಗೆ ತುಂಬುವುದಕ್ಕೆ ಅರ್ಧ ಗಂಟೆ ಕಾಯುತ್ತಿದ್ದರು. ಬೇಸಿಗೆಯಲ್ಲಿ ಅದೂ ಕೆಸರು. ಮೇಲಿನ ಬೀದಿಗೆ ಬಂದರೆ ದೂರ ನಿಂತು, ಯಾರಿಗಾದರೂ ಕನಿಕರ ಬಂದು ಸೇದಿ ಹುಯ್ಯುವವರೆಗೆ ಕಾಯಬೇಕು. ಹಗ್ಗ ಮುಟ್ಟುವ ಹಾಗಿರಲಿಲ್ಲ.

ಪಂಚಾಯಿತಿ ಹೊಸದಾಗಿ ಆದಾಗ ಹೆಂಗಸರಿಗೂ ಒಂದು ಜಾಗ ಬೇಕು, ಕೇರಿಯವರಿಗೂ ಒಂದು ಜಾಗ ಬೇಕು ಎಂದಾಯಿತು. ಎರಡನ್ನೂ ಒಬ್ಬಳಲ್ಲೇ ಮುಗಿಸಿಬಿಡೋಣ ಎಂದು ನಮ್ಮ ಛೇರ್ಮನ್ನರು ಮುನಿಯಮ್ಮನನ್ನು ಹುಡುಕಿದರು. ಗಂಡನಿಲ್ಲ, ಓದು ಬರಹ ಇಲ್ಲ, ಇದ್ದವಳು ಒಬ್ಬಳೇ ಮಗಳು. “ಬಾಯಿಲ್ಲದ ಹೆಂಗ್ಸು ಸ್ವಾಮಿ, ಒತ್ತು ಅಂದ ಕಡೆ ಒತ್ತಾಳೆ” ಎಂದು ನನ್ನ ಮುಂದೆ ನಕ್ಕರು. ನಾನೂ ನಕ್ಕೆ.

ಇನ್ನು ನಮ್ಮ ಪದ್ಧತಿ. ಇದನ್ನು ಹೇಳದಿದ್ದರೆ ನಾನು ಮಾಡಿದ್ದು ಹೇಗೆ ಸಾಧ್ಯವಾಯಿತು ಎಂದು ತಿಳಿಯುವುದಿಲ್ಲ. ಸಭೆ ಚಾವಡಿಯಲ್ಲಿ, ಮಧ್ಯಾಹ್ನ ಊಟದ ಮೇಲೆ. ಒಬ್ಬೊಬ್ಬರೇ ಬಂದು ಸೇರುವ ಹೊತ್ತಿಗೆ ಮೂರು ಗಂಟೆ. ನಾಲ್ಕಾಯಿತೆಂದರೆ ಮೆಂಬರುಗಳೆಲ್ಲ ಚಡಪಡಿಸುವವರೇ — ಹಸು ಕರೆಯಬೇಕು, ಹಾಲಿನ ಕ್ಯಾನು ಸೈಕಲ್ಲಿಗೆ ಕಟ್ಟಿ ಊರು ಬಿಡಬೇಕು. ನಡುವೆ ಎದ್ದು ಹೋದವನನ್ನು ಮತ್ತೆ ರುಜುವಿಗೆ ಹುಡುಕಿಕೊಂಡು ಹೊಲ ಗದ್ದೆ ಅಲೆದು ನನಗೆ ಸಾಕಾಗಿಹೋಗಿತ್ತು. ಅದಕ್ಕೇ ಒಂದು ಉಪಾಯ ಮಾಡಿದೆ — ಹೌದು, ಉಪಾಯ ನನ್ನದೇ. ಸಭೆ ಶುರುವಾಗುವ ಮೊದಲೇ ನಡಾವಳಿ ಪುಸ್ತಕದ ಖಾಲಿ ಹಾಳೆಯ ಕೆಳಭಾಗದಲ್ಲಿ ಎಲ್ಲರ ರುಜು, ಹೆಬ್ಬೆಟ್ಟು ತೆಗೆದುಕೊಂಡುಬಿಡುವುದು. ಮಾತೆಲ್ಲ ಮುಗಿದ ಮೇಲೆ, ಮರುದಿನ ಬೆಳಿಗ್ಗೆ ಸ್ನಾನ ಮಾಡಿ, ಮನೆಯ ಜಗಲಿಯಲ್ಲಿ ಕೂತು, ಮೇಲಿನ ಖಾಲಿ ಜಾಗದಲ್ಲಿ ನಡೆದದ್ದನ್ನು ಅಂದವಾಗಿ ಬರೆಯುವುದು. ಎಲ್ಲರಿಗೂ ಹಿಡಿಸಿತು. ನಾನು ಬರೆದದ್ದನ್ನು ಯಾರೂ ತಿರುಗಿ ಓದಲಿಲ್ಲ. ಶಾನುಭೋಗರ ಮನೆತನ, ಮೂರು ತಲೆಮಾರಿನಿಂದ ಊರಿನ ಕಾಗದ ನೋಡಿಕೊಂಡವರು, ತಪ್ಪು ಬರೆಯುತ್ತಾರೆಯೇ?

ನೀವು ಚಾವಡಿಯ ಒಳಗೆ ಬರುತ್ತಿರಲಿಲ್ಲ, ಮೆಟ್ಟಿಲ ಮೇಲೆ ಕೂರುತ್ತಿದ್ದಿರಿ. ನಾನು ಪುಸ್ತಕವನ್ನೂ ಮಸಿ ಡಬ್ಬಿಯನ್ನೂ ತಂದು ಮೆಟ್ಟಿಲ ಅಂಚಿಗೆ ಇಟ್ಟು ಹಿಂದೆ ಸರಿಯುತ್ತಿದ್ದೆ. ನೀವು ಒತ್ತಿ, ಹೆಬ್ಬೆರಳನ್ನು ತಲೆಗೂದಲಿಗೆ ಒರೆಸಿಕೊಳ್ಳುತ್ತಿದ್ದಿರಿ. ನಿಮ್ಮ ಎಡ ಹೆಬ್ಬೆರಳಿನ ಅಡ್ಡಕ್ಕೆ ಹಳೆಯ ಕುಡುಗೋಲಿನ ಗಾಯ. ಒತ್ತಿದಾಗ ಮಸಿಯ ನಡುವೆ ಬೆಳ್ಳಗೆ ಒಂದು ಗೆರೆ ಬೀಳುತ್ತಿತ್ತು. ಊರಿನಲ್ಲಿ ಹದಿನೆಂಟು ಜನರ ಹೆಬ್ಬೆಟ್ಟು ನನ್ನ ಪುಸ್ತಕಗಳಲ್ಲಿದ್ದರೂ ಹೆಸರು ಬರೆಯದೆ ಗುರುತು ಹಿಡಿಯಬಹುದಾಗಿದ್ದು ನಿಮ್ಮದೊಂದೇ.

ಎರಡು ವರ್ಷ ನೀವು ಹಾಗೆ ಬಂದಿರಿ, ಒತ್ತಿದಿರಿ, ಹೋದಿರಿ. ಆಮೇಲೆ ಬಾವಿಯ ಸಭೆ ಬಂತು.

ಊರಿಗೆ ಸರ್ಕಾರದಿಂದ ಒಂದು ಬಾವಿ ಮಂಜೂರಾಗಿತ್ತು, ಎಲ್ಲಿ ತೋಡಬೇಕೆಂದು ಪಂಚಾಯಿತಿ ತೀರ್ಮಾನಿಸಿ ಬರೆದುಕೊಡಬೇಕು. ಬ್ಲಾಕಿನಿಂದ ಗ್ರಾಮಸೇವಕರು ಬಂದು ಕೂತಿದ್ದರು. ರಾಗಿ ಒಕ್ಕಣೆಯ ಕಾಲ. ಕೇರಿಯವರೆಲ್ಲ ಕಣಗಳಲ್ಲಿದ್ದರು, ಒಬ್ಬರೂ ಚಾವಡಿಯ ಮುಂದಿರಲಿಲ್ಲ. ಊರಿನ ತೋಟಿ ಮಾರ — ಪಂಚಾಯಿತಿಯ ತಮಟೆ ಸಾರುವವನು, ನಿಮ್ಮ ಮೈದುನನ ಮಗ — ಅವನನ್ನು ನಾನೇ ತಪಾಲು ಕೊಟ್ಟು ಯಲಹಂಕಕ್ಕೆ ಕಳಿಸಿದ್ದೆ. ಎಂದಿನಂತೆ ಮೊದಲು ಎಲ್ಲರ ರುಜು ಆಯಿತು. ನೀವು ಒತ್ತಿದಿರಿ, ಕೂದಲಿಗೆ ಒರೆಸಿಕೊಂಡಿರಿ. ಛೇರ್ಮನ್ನರು ಮೇಲಿನ ಬೀದಿಯ ಕೊನೆಯಲ್ಲಿ, ತಮ್ಮ ಹೊಸ ದ್ರಾಕ್ಷಿ ತೋಟದ ಮಗ್ಗುಲಲ್ಲಿರುವ ಜಾಗದ ಮಾತು ತೆಗೆದರು.

ಆಗ ನೀವು ಮೆಟ್ಟಿಲಿಂದ ಎದ್ದು ನಿಂತಿರಿ.

“ಅಲ್ಲ್ಯಾಕೆ ಸ್ವಾಮಿ? ಅಲ್ಲಿ ಮನೆಗೊಂದು ಬಾವಿ ಐತೆ. ನಮ್ ಕೇರೀಲಿ ಒಂದಾದ್ರೂ ಐತಾ? ನನ್ ಮಗ್ಳಿಗೆ ಒರತೆ ಅತ್ರ ಕುಂತು ಕುಂತು ಅರ್ಧ ಆಯಸ್ಸು ಕಳೀತು. ಕುಡಿಯೋ ನೀರಿನ್ ಬಾವಿ, ಕುಡಿಯಾಕ್ ಇಲ್ದೋರ್ಗೆ ತೋಡ್ಬೇಕು.”

ಗ್ರಾಮಸೇವಕರು ತಲೆಯಾಡಿಸಿ, ನಿಯಮವೂ ಹಾಗೆಯೇ ಇದೆ, ಈಯಮ್ಮ ಹೇಳುವುದು ಸರಿ ಎಂದರು. ಹೊರಗಿನವರ ಮುಂದೆ ಛೇರ್ಮನ್ನರಿಗೆ ಬೇರೆ ದಾರಿ ಇರಲಿಲ್ಲ. “ಆಯ್ತು, ಕೇರೀಲೇ ಆಗ್ಲಿ” ಎಂದರು. ಉಳಿದವರು ಹೂಂ ಎಂದರು. ಅಷ್ಟಕ್ಕೇ ಬಿಡುತ್ತಾರೆ ಅಂದುಕೊಂಡೆ — ಬಿಡಲಿಲ್ಲ ನೀವು. ನನ್ನ ಕಡೆ ತಿರುಗಿದಿರಿ.

“ಬರ್ಕಳಿ ಸ್ವಾಮಿ. ಕೇರಿ ಅಂತ ಬರ್ಕಳಿ. ನಾನೇಳಿದ್ನ ಏಳ್ದಂಗೆ ಬರ್ಕಳಿ.”

ಒಬ್ಬಿಬ್ಬರು ಕಿಸಕ್ಕನೆ ನಕ್ಕರು. “ಸ್ವಾಮೇರ್ಗೇ ಡಿಕ್ಟೇಷನ್ನು!” ಎಂದು ಯಾರೋ ಹಿಂದಿನಿಂದ ಹಾಸ್ಯ ಮಾಡಿದರು. ನನ್ನ ಕಿವಿ ಬಿಸಿಯಾಯಿತು. “ಬರೀತೀನಿ, ಕೂತ್ಕೋಮ್ಮ” ಎಂದೆ. ಹಾಗೆ ಹೇಳಿದೆನಷ್ಟೇ, ಪೆನ್ನು ತೆರೆಯಲಿಲ್ಲ. ಮರುದಿನ ಬರೆಯುವುದು ತಾನೇ ಪದ್ಧತಿ.

ಮರುದಿನ ಬೆಳಿಗ್ಗೆ ನಾನು ಪುಸ್ತಕ ತೆರೆದು ಕೂತಿರುವಾಗ ಛೇರ್ಮನ್ನರು ಬಂದರು. ಜಗಲಿ ಹತ್ತಿ, ಹೆಗಲ ವಲ್ಲಿಯಿಂದ ಕಂಬಕ್ಕೆ ಒರಗುವ ಜಾಗ ಒರೆಸಿಕೊಂಡು ಕೂತರು. ಕಾಫಿ ಕುಡಿದರು. ಮಳೆ, ಬೆಳೆ, ಗಿಡಗಳಿಗೆ ಹಾಕಿಸಿದ ಚಪ್ಪರ, ಎಲ್ಲದರ ಮಾತೂ ಆಯಿತು.

“ಬರೆದ್ಬುಟ್ರಾ?” ಎಂದರು ಕೊನೆಗೆ.

“ಇಲ್ಲ, ಈಗ ಬರೀಬೇಕು.”

“ಮೇಲಿನ ಬೀದಿ ಅಂತ ಬರೀರಿ. ಆ ಗ್ರಾಮಸೇವಕನಿಗೆ ವರ್ಗ ಆಗೈತೆ, ಮುಂದಿನ ವಾರ ಓಗ್ತಾನೆ. ಹೆಬ್ಬೆಟ್ಟು ಎಂಗೂ ಬಿದ್ದೈತಲ್ಲ.”

ಅಷ್ಟೇ. ಬೆದರಿಸಲಿಲ್ಲ, ಆಸೆ ತೋರಿಸಲಿಲ್ಲ. ನನ್ನ ಕೆಲಸ ಆಗ ಖಾಯಮ್ಮಾಗಿರಲಿಲ್ಲ, ಪ್ರತಿ ವರ್ಷ ಅವರು ಹೂಂ ಎಂದರೆ ಮುಂದುವರಿಯುತ್ತಿತ್ತು — ಅದನ್ನು ಅವರು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಇಷ್ಟು ವರ್ಷ ನನಗೆ ನಾನು ಹೇಳಿಕೊಂಡದ್ದು ಇದನ್ನೇ: ಹೆದರಿ ಬರೆದೆ, ಹೆಂಡತಿ ಮಕ್ಕಳಿರುವವನು ಇನ್ನೇನು ಮಾಡಲಿ ಎಂದು. ಅದು ಪೂರ್ತಿ ನಿಜವಲ್ಲ ಮುನಿಯಮ್ಮ. ನಿಜ ಹೇಳುತ್ತೇನೆ, ಇದನ್ನು ಹೇಳುವುದಕ್ಕೇ ನನಗೆ ಹೆಚ್ಚು ನಾಚಿಕೆ. ಪೆನ್ನಿಗೆ ಮಸಿ ತುಂಬುವಾಗ ನನ್ನ ಕಿವಿಯಲ್ಲಿದ್ದದ್ದು ಛೇರ್ಮನ್ನರ ಮಾತಲ್ಲ, ನಿಮ್ಮದು. ‘ನಾನೇಳಿದ್ನ ಏಳ್ದಂಗೆ ಬರ್ಕಳಿ.’ ಮೆಟ್ಟಿಲ ಮೇಲೆ ಕೂರುವವಳು ನಾಲ್ಕು ಜನರ ಮುಂದೆ ನನಗೆ ಬರೆಯುವುದನ್ನು ಹೇಳಿಕೊಟ್ಟಳಲ್ಲ ಎಂಬ ಉರಿ. ಹೆದರಿಕೆ ಅರ್ಧ ಬರೆಸಿದ್ದರೆ ಇನ್ನರ್ಧ ಬರೆಸಿದ್ದು ಆ ಉರಿ.

ಬರೆದದ್ದು ನನಗೆ ಬಾಯಿಪಾಠವಾಗಿದೆ: ‘ಸಾರ್ವಜನಿಕರ ಅನುಕೂಲವನ್ನು ಲಕ್ಷ್ಯದಲ್ಲಿಟ್ಟು ಸದರಿ ಬಾವಿಯನ್ನು ಮೇಲಿನ ಬೀದಿಯ ಕೊನೆಯ ಜಾಗದಲ್ಲಿ ತೋಡಿಸತಕ್ಕದ್ದೆಂದು ಸದಸ್ಯರು ಏಕಾಭಿಪ್ರಾಯದಿಂದ ತೀರ್ಮಾನಿಸಿದರು. ಸದಸ್ಯೆ ಮುನಿಯಮ್ಮನವರು ಅನುಮೋದಿಸಿದರು.’ ಕೊನೆಯ ವಾಕ್ಯವನ್ನು ಛೇರ್ಮನ್ನರು ಕೇಳಿರಲಿಲ್ಲ. ಅದು ನನ್ನ ಸ್ವಂತದ್ದು. ನಿಮ್ಮನ್ನು ಮೊದಲ ಸಲ ‘ಮುನಿಯಮ್ಮನವರು’ ಎಂದು ಕರೆದದ್ದು ಆ ಸುಳ್ಳಿನಲ್ಲಿ.

ತಿಂಗಳೊಪ್ಪತ್ತಿನಲ್ಲಿ ದ್ರಾಕ್ಷಿ ತೋಟದ ಪಕ್ಕ ಸುಣ್ಣದಲ್ಲಿ ಗುಂಡಗೆ ಗುರುತು ಹಾಕಿದರು. ಅವತ್ತೇ ಸಾಯಂಕಾಲ ಕೇರಿಯ ಜನ ಚಾವಡಿಯ ಮುಂದೆ ನಿಂತರು. ಎಲ್ಲರಿಗಿಂತ ಮುಂದೆ ನೀವು. ಬಾವಿ ಕೇರಿಗೇ ಎಂದು ಮನೆಮನೆಗೆ ಹೇಳಿಕೊಂಡು ಬಂದಿದ್ದವರು ನೀವೇ ಅಲ್ಲವೇ, ಜಾಗ ಕೂಡ ತೋರಿಸಿದ್ದಿರಂತೆ. ಛೇರ್ಮನ್ನರು ಗೋಡೆಗೆ ಒರಗಿ ಕೂತು, “ಪುಸ್ತಕ ತೆಗೀರಿ ಸ್ವಾಮಿ, ಓದಿ” ಎಂದರು. ನಾನು ಓದಿದೆ. ದನಿ ನಡುಗಲಿಲ್ಲ, ಅದು ನನಗೆ ಇವತ್ತಿಗೂ ಆಶ್ಚರ್ಯ. ‘ಮುನಿಯಮ್ಮನವರು ಅನುಮೋದಿಸಿದರು’ ಎಂಬಲ್ಲಿಗೆ ಬಂದಾಗ ಗುಂಪು ನಿಮ್ಮ ಕಡೆ ತಿರುಗಿತು.

ಛೇರ್ಮನ್ನರು ಪುಸ್ತಕವನ್ನು ಮಾರನ ಕಡೆ ತಿರುಗಿಸಿ ಹಿಡಿದರು. “ನೋಡೋ, ಇದ್ಯಾರ್ದು?”

ಮಾರನಿಗೆ ಓದಲು ಬಾರದು. ಆದರೆ ಮಸಿಯ ನಡುವಿನ ಆ ಬಿಳಿ ಗೆರೆ ಎಲ್ಲರಿಗೂ ಕಾಣುತ್ತಿತ್ತು. ಅವನು ನಿಮ್ಮ ಮುಖ ನೋಡಿದ. “ದೊಡ್ಡವ್ವ, ನಿಂದಾ?”

ನೀವು ಬಗ್ಗಿ ನೋಡಿದಿರಿ. ಎಷ್ಟೋ ಹೊತ್ತು ನೋಡಿದಿರಿ. “ಬೆರಳು ನಂದೇ ಕಣ್ಲಾ,” ಎಂದಿರಿ. “ಮಾತು ನಂದಲ್ಲ.”

ಆಮೇಲೆ ನನ್ನ ಕಡೆ. “ಸ್ವಾಮಿ, ಅವತ್ತು ನಾನೇನೇಳ್ದೆ? ನೀವೇಳಿ. ನೀವೇ ಇದ್ರಲ್ಲ. ನೀವೇಳಿದ್ರೆ ಸಾಕು.”

ನೀವೇಳಿದ್ರೆ ಸಾಕು. ಅಷ್ಟು ನಂಬಿಕೆ ನನ್ನ ಮೇಲೆ. ಛೇರ್ಮನ್ನರ ನೆಂಟರಾದ ಇಬ್ಬರು ಮೆಂಬರುಗಳು ತಲೆ ತಗ್ಗಿಸಿ ಕೂತಿದ್ದರು, ಇನ್ನು ಕೆಲವರು ಬಂದೇ ಇರಲಿಲ್ಲ. ಎಲ್ಲರ ಕಣ್ಣೂ ನನ್ನ ಮೇಲೆ. ನಾನು ಪುಸ್ತಕ ಮುಚ್ಚಿದೆ. ಮುಚ್ಚಿ, ನಿಮ್ಮ ಮುಖ ನೋಡದೆ — ಮೆಟ್ಟಿಲ ಕಲ್ಲು ನೋಡುತ್ತಾ —

“ಪುಸ್ತಕದಲ್ಲಿ ಇರೋದೇ ಇರೋದಮ್ಮ” ಎಂದೆ.

ಅಯ್ಯೋ, ಎಂಥ ಮಾತು ಅದು! ಸುಳ್ಳು ಹೇಳಲಿಲ್ಲ ಎಂದು ಆವತ್ತು ಮನೆಗೆ ಹೋಗುವ ದಾರಿಯಲ್ಲಿ ನನಗೇ ಸಮಾಧಾನ ಮಾಡಿಕೊಂಡೆ. ಪುಸ್ತಕದಲ್ಲಿ ಇತ್ತು ತಾನೇ, ಇದ್ದದ್ದನ್ನು ಇದೆ ಎಂದೆ. ಹಾಳಾದ ಜಾಣತನ. ಆ ಜಾಣತನ ಇಲ್ಲದವನಾಗಿದ್ದರೆ ಅಲ್ಲೇ ನಿಜ ಹೊರಬರುತ್ತಿತ್ತೇನೋ.

ಕೇರಿಯವರು ನಿಮ್ಮನ್ನು ಬಿಟ್ಟು ಮುಂದೆ ನಡೆದರು, ನೀವು ಹಿಂದೆ ಒಬ್ಬರೇ ಹೋದಿರಿ. ಆ ವಾರ ನಿಮ್ಮ ಮನೆ ಮುಂದೆ ಒಂದು ಮೇಕೆ ಕಟ್ಟಿತ್ತಂತೆ. ಕೋಗಿಲಿನ ತಂಗಿ ಕೊಟ್ಟಿದ್ದು ಎಂದು ನೀವು ಹೇಳಿದರೆ ಯಾರೂ ಕೇಳಲಿಲ್ಲ. ಛೇರ್ಮನ್ನು ಕೊಟ್ಟ ಮೇಕೆ, ಬಾವಿ ಮಾರಿಕೊಂಡ ಮೇಕೆ ಎಂದೇ ಆಯಿತು. ಅದನ್ನು ನೀವು ತಿರುಗಿ ತಂಗಿಯ ಮನೆಗೆ ಬಿಟ್ಟುಬಂದಿರಿ ಎಂದು ಕೇಳಿದೆ. ಬಿಟ್ಟುಬಂದದ್ದೂ ತಪ್ಪಿತಸ್ಥಳ ಲಕ್ಷಣವೇ ಆಯಿತು.

ಬಾವಿ ಆಯಿತು. ಒಳ್ಳೆಯ ನೀರು ಬಂತು. ಮೇಲಿನ ಬೀದಿಯವರು ಎರಡು ಬಿಂದಿಗೆ ಸೇದಿದರೆ, ಉಳಿದದ್ದು ಪಂಪಿನಲ್ಲಿ ದ್ರಾಕ್ಷಿಗೆ ಹರಿಯಿತು. ಕೇರಿಯ ಹೆಂಗಸರು ಒರತೆಯ ಹತ್ತಿರ ಸರದಿಯಲ್ಲಿ ಕೂತರೆ ನಿಮ್ಮ ಸರದಿ ಯಾವಾಗಲೂ ಕೊನೆ. ಎಷ್ಟು ಮುಂಚೆ ಬಂದರೂ ಕೊನೆ. ನಾನು ಏರಿಯ ಮೇಲೆ ಯಲಹಂಕಕ್ಕೆ ಹೋಗುವಾಗ ಎಷ್ಟು ಸಲ ಕಂಡಿದ್ದೇನೆ — ಎಲ್ಲರೂ ತುಂಬಿಕೊಂಡು ಹೋದ ಮೇಲೆ, ಬಿಸಿಲಿನಲ್ಲಿ, ನೀವೊಬ್ಬರೇ ಆ ಗುಂಡಿಯ ಪಕ್ಕ ಚಿಪ್ಪು ಹಿಡಿದು ಕೂತಿರುತ್ತಿದ್ದಿರಿ. ನಾನು ಕೊಡೆಯನ್ನು ಆ ಕಡೆಗೆ ವಾಲಿಸಿಕೊಂಡು ನಡೆಯುತ್ತಿದ್ದೆ.

ಮಗಳ ಮದುವೆಯನ್ನು ಹೇಳದೆ ಬಿಡಬಹುದಿತ್ತು, ಬಿಡುವುದಿಲ್ಲ. ನಿಮ್ಮ ಕೇರಿಯಲ್ಲಿ ಮದುವೆಯೆಂದರೆ ಮನೆಗೊಂದು ಹಸಿ ಗಳ ತಂದು ಚಪ್ಪರಕ್ಕೆ ಕೊಡುವುದು ರೂಢಿ. ನಿಮ್ಮ ಮನೆ ಮುಂದೆ ಯಾರ ಗಳವೂ ಬೀಳಲಿಲ್ಲ. ಜಕ್ಕೂರಿನ ಬೀಗರು ಬರುವ ಹೊತ್ತಿಗೆ ನೀವು ಎರಡು ಹಳೆಯ ಗಳಕ್ಕೆ ನಿಮ್ಮದೇ ಸೀರೆ ಕಟ್ಟಿದ್ದಿರಿ. ಆ ಮದುವೆ ಅಲ್ಲೇ ಮುರಿದು ಬೀಳುವುದರಲ್ಲಿತ್ತು ಎಂದು ಮಾರನೇ ನನಗೆ ಹೇಳಿದ — ಸಂತೋಷದಿಂದ ಹೇಳಿದ. ನಾನು ಕೇಳಿಸಿಕೊಂಡು, ಅವನ ಕೈಗೆ ತಪಾಲು ಕೊಟ್ಟೆ.

ಕೆಲವು ವರ್ಷ ಕಳೆದು ಕೇರಿಯವರಿಗೆ ಮನೆ ಕಟ್ಟಲು ನಿವೇಶನ ಹಂಚುವ ಕಾಲ ಬಂತು. ನಿಮ್ಮ ಹೆಸರೂ ಪಟ್ಟಿಯಲ್ಲಿತ್ತು. ನಾನೇ ಸೇರಿಸಿದ್ದೆ, ಪಾಪ ಸ್ವಲ್ಪ ಇಳಿಯಲಿ ಎಂದು. ಕಾಗದ ತೆಗೆದುಕೊಂಡು ನಿಮ್ಮ ಮನೆಯವರೆಗೂ ಬಂದೆ. ನೀವು ಎರಡು ಕೈಯನ್ನೂ ಸೆರಗಿನೊಳಗೆ ಇಟ್ಟುಕೊಂಡಿರಿ.

“ಬ್ಯಾಡಿ ಸ್ವಾಮಿ. ಇನ್ನ ಯಾವ್ ಕಾಗ್ದುಕ್ಕೂ ಬೆರಳು ಕೊಡಾಕಿಲ್ಲ.”

“ಇದು ನಿನಗೇ ಒಳ್ಳೇದಕ್ಕೆ ಕಣಮ್ಮ” ಎಂದೆ.

“ಅವತ್ತೂ ಒಳ್ಳೇದ್ಕೇ ಒತ್ತಿದ್ದು” ಎಂದಿರಿ.

ಆಗ ಹೇಳಬಹುದಿತ್ತು. ನಾವಿಬ್ಬರೇ ಇದ್ದೆವು. ನಾಲಿಗೆಯ ತುದಿಗೆ ಬಂದಿತ್ತು ಎಂದರೆ ನೀವು ನಂಬಬೇಕಿಲ್ಲ. ಹೊರಗೆ ಬರಲಿಲ್ಲ, ಅಷ್ಟೇ ಲೆಕ್ಕ. ನಿವೇಶನ ಬೇರೆಯವರಿಗೆ ಹೋಯಿತು. ಸೋರುವ ಆ ಹಳೆಯ ಗುಡಿಸಲಿನಲ್ಲೇ ನೀವು ಉಳಿದಿರಿ.

ಹೋದ ವರ್ಷ ನಾನು ನಿವೃತ್ತನಾದೆ. ಹೊಸ ಸೆಕ್ರೆಟರಿ ದೊಡ್ಡಬಳ್ಳಾಪುರದ ಕಡೆಯವರು. ಚುರುಕು ಮನುಷ್ಯ, ಅಕ್ಷರ ಮಾತ್ರ ಕೋಳಿ ಕೆದಕಿದ ಹಾಗೆ. ಅವರ ಮೊದಲ ಸಭೆಗೆ ನಾನೂ ಹೋಗಿ ಕೂತಿದ್ದೆ. ಮಾತು ನಡೆಯುತ್ತಿದ್ದಂತೆ ಅವರು ಬರೆದುಕೊಂಡರು. ಮುಗಿದ ಮೇಲೆ ನಿಂತು ಗಟ್ಟಿಯಾಗಿ ಓದಿದರು. “ಸರಿಯಾಗಿದೆಯಾ? ಯಾರಾದ್ರೂ ತಿದ್ದಬೇಕಾ?” ಎಂದು ಕೇಳಿದರು. ಆಮೇಲೆ ರುಜು ತೆಗೆದುಕೊಂಡರು. ಎಷ್ಟು ಹೊತ್ತು ಹಿಡಿಯಿತು ಗೊತ್ತೇ? ಒಂದು ಎಲೆ ಅಡಿಕೆ ಹಾಕಿಕೊಳ್ಳುವಷ್ಟು. ಹಸು ಕರೆಯುವುದಕ್ಕೆ ಯಾರಿಗೂ ತಡವಾಗಲಿಲ್ಲ. ನನಗೆ ಅಲ್ಲಿ ಕೂರುವುದಕ್ಕಾಗದೆ ಎದ್ದು ಬಂದೆ.

ಮರುವಾರ ಹಳೆಯ ಪುಸ್ತಕಗಳನ್ನು ಅವರಿಗೆ ಒಪ್ಪಿಸುವಾಗ ಆ ಹಾಳೆ ತಾನಾಗಿ ತೆರೆದುಕೊಂಡಿತು ಎಂದು ಬರೆದರೆ ಚೆನ್ನಾಗಿರುತ್ತದೆ. ಸುಳ್ಳು. ನಾನೇ ಹುಡುಕಿ ತೆರೆದೆ. ಮಸಿ ಸ್ವಲ್ಪ ಕಂದಿತ್ತು. ಬಿಳಿ ಗೆರೆ ಹಾಗೆಯೇ ಇತ್ತು.

ಅವತ್ತೇ ಮಧ್ಯಾಹ್ನ ನಿಮ್ಮ ಮನೆಗೆ ಬಂದೆ. ನೀವು ಹುಣಿಸೆಹಣ್ಣು ಬಿಡಿಸುತ್ತಾ ಕೂತಿದ್ದಿರಿ. ಕೆಮ್ಮು ಜೋರಾಗಿತ್ತು, ಕಣ್ಣು ಮಂಜಾಗಿತ್ತು. ಯಾರು ಎಂದು ದನಿಯಿಂದಲೇ ಗುರುತು ಹಿಡಿದು, ಏಳಲು ಹೋದಿರಿ. ಬೇಡ ಎಂದು ನಾನೂ ನೆಲದ ಮೇಲೆ ಕೂತೆ. ಹೇಳಿದೆ. ಎಲ್ಲ ಹೇಳಿದೆ — ಜಗಲಿ, ಕಾಫಿ, ಛೇರ್ಮನ್ನರು, ನನ್ನ ಉರಿ, ಆ ಕೊನೆಯ ವಾಕ್ಯ. ಹೇಳುತ್ತಾ ಹೇಳುತ್ತಾ ಅತ್ತೆ. ಅಳು ಬಂದದ್ದಕ್ಕೆ, ನಿಮ್ಮಾಣೆ, ಒಳಗೊಳಗೇ ನನಗೆ ಒಂದಿಷ್ಟು ಹಗುರವೂ ಆಯಿತು. ಕ್ಷಮಿಸಿದೆ ಎನ್ನುತ್ತೀರಿ, ನಾನು ಕಾಲು ಮುಟ್ಟುತ್ತೇನೆ, ಮುಗಿಯಿತು ಎಂದು ಎಣಿಸಿಕೊಂಡೇ ಬಂದಿದ್ದವನು ನಾನು.

ನೀವು ಹುಣಿಸೆಯ ಬೀಜ ತೆಗೆಯುವುದನ್ನು ನಿಲ್ಲಿಸಲಿಲ್ಲ.

“ನಂಗೊತ್ತಲ್ಲ ಸ್ವಾಮಿ, ನಾನು ಅಂಗೆ ಏಳಿಲ್ಲ ಅಂತ. ಗೊತ್ತಿರೋಳ್ಗೆ ಬಂದು ಏಳ್ತೀರಲ್ಲ,” ಎಂದಿರಿ. ಸಿಟ್ಟಿರಲಿಲ್ಲ ದನಿಯಲ್ಲಿ, ಬರೀ ಬೇಸರ. “ಗೊತ್ತಿಲ್ದೋರ್ಗೆ ಓಗ್ ಏಳಿ. ನಾನ್ ಇರೋಗಂಟ ಏಳಿ. ಕೇರೀಲಿ ಒಸಿ ತಲೆ ಎತ್ಕಂಡ್ ಓಡಾಡಿ ಸಾಯ್ತೀನಿ.”

“ಹೇಳ್ತೀನಿ” ಎಂದೆ. ಪ್ರಮಾಣ ಮಾಡಿ ಹೇಳಿದೆ.

ಸಂಕ್ರಾಂತಿ ಕಳೆಯಲಿ ಎಂದುಕೊಂಡೆ, ಒಳ್ಳೆಯ ದಿನಗಳಲ್ಲಿ ಏಕೆ ರಂಪ. ಆಮೇಲೆ ನನ್ನ ಎರಡನೆಯ ಮಗಳನ್ನು ನೋಡಲು ಯಶವಂತಪುರದ ಕಡೆಯಿಂದ ಗಂಡಿನವರು ಬರುವವರಿದ್ದರು. ಅಪ್ಪ ಸುಳ್ಳು ಬರೆದವನು ಎಂದು ಊರೆಲ್ಲ ಮಾತಾಡುವುದು ಬೇಡ, ಅದು ಮುಗಿಯಲಿ ಎಂದುಕೊಂಡೆ. ನಿಮ್ಮ ಮಗಳ ಚಪ್ಪರಕ್ಕೆ ಗಳ ಬೀಳದಂತೆ ಮಾಡಿದವನು ನನ್ನ ಮಗಳ ಮದುವೆಗಾಗಿ ಕಾದೆ — ಇದನ್ನೂ ಬರೆಯುತ್ತೇನೆ. ಗಂಡಿನವರು ಬಂದರು, ಒಪ್ಪಿದರು. ಇನ್ನು ಹೇಳಬಹುದು ಎನ್ನುವ ಹೊತ್ತಿಗೆ ಶಿವರಾತ್ರಿ ಕಳೆದು ಮೂರನೆಯ ದಿನ ನೀವು ಹೋದಿರಿ ಎಂದು ಕೇಳಿದೆ.

ನಾನು ಏರಿಯ ಮೇಲೆ ನಿಂತು ನೋಡಿದೆ. ಕೋಗಿಲಿನಿಂದ ನಿಮ್ಮ ತಂಗಿಯ ಮಕ್ಕಳು ನಾಲ್ವರು ಬಂದು ಹೊತ್ತರು. ಹಿಂದೆ ಮಗಳು, ಅಳಿಯ, ಇನ್ನಿಬ್ಬರು. ಕೇರಿಯ ಬಾಗಿಲುಗಳಲ್ಲಿ ಜನ ನಿಂತಿದ್ದರು, ಯಾರೂ ಇಳಿದು ಬರಲಿಲ್ಲ. ತಮಟೆ ಇರಲಿಲ್ಲ. ನಿಮ್ಮ ಕೇರಿಯಿಂದ ತಮಟೆಯಿಲ್ಲದೆ ಹೆಣ ಹೋದದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಮಾರ ತನ್ನ ಮನೆಯ ಗೋಡೆಗೆ ಒರಗಿ ನಿಂತಿದ್ದ, ತಮಟೆ ಅವನ ತಲೆಯ ಮೇಲಿನ ಗೂಟದಲ್ಲಿ ನೇತಾಡುತ್ತಿತ್ತು. ಜಕ್ಕೂರಿನ ವಿಮಾನದ ಮೈದಾನದಿಂದ ಒಂದು ವಿಮಾನ ಎದ್ದು ಹೋಯಿತು, ಆ ಸದ್ದೊಂದೇ.

ಛೇರ್ಮನ್ನರೂ ಈಗಿಲ್ಲ. ಎಲ್ಲವನ್ನೂ ಅವರ ಮೇಲೆ ಹೊರಿಸಿ ಬರೆದಿದ್ದರೆ ಕೇಳುವವರಿರಲಿಲ್ಲ. ಆದರೆ ಪೆನ್ನು ನನ್ನದು, ಪದ್ಧತಿ ನನ್ನದು, ಕೊನೆಯ ವಾಕ್ಯ ನನ್ನದು.

ಇವತ್ತು ಬೆಳಿಗ್ಗೆ ಮಾರನ ಮನೆಗೆ ಹೋದೆ. ಕೇರಿಯೊಳಗೆ ಅಷ್ಟು ದೂರ ನಾನು ನಡೆದದ್ದು ಅದು ಎರಡನೆಯ ಸಲವೋ ಮೂರನೆಯದೋ. ಊರಿಗೆಲ್ಲ ಒಂದು ವಿಷಯ ಸಾರಬೇಕು ಎಂದೆ. ಅವನು ಗೂಟದಿಂದ ತಮಟೆ ಇಳಿಸಿಕೊಂಡು, ಧೂಳು ಒರೆಸುತ್ತಾ, “ಏನಂತ ಸಾರ್ಲಿ ಸ್ವಾಮಿ?” ಎಂದ. ತೆರಿಗೆಯೋ ಲಸಿಕೆಯೋ ಎಂದುಕೊಂಡಿದ್ದನೇನೋ.

ಹೇಳಿದೆ. ನಿಂತುಕೊಂಡೇ ಹೇಳಿದೆ, ಈ ಸಲ ಅಳಲಿಲ್ಲ. ಅವನ ಕೈ ತಮಟೆಯ ಮೇಲೆ ಹಾಗೇ ನಿಂತಿತು.

“ದೊಡ್ಡವ್ವ ಒತ್ತಿದಾಗ ಆಳೇಲಿ ಏನೂ ಇರ್ಲಿಲ್ವಾ?”

“ಇರಲಿಲ್ಲ ಮಾರ. ಖಾಲಿ ಇತ್ತು.”

“ನಾನು ಮಣ್ಣು ಆಕಾಕೂ ಓಗ್ಲಿಲ್ಲ” ಎಂದ. ಮತ್ತೊಮ್ಮೆ ಅದನ್ನೇ ಹೇಳಿದ. “ಮಣ್ಣು ಆಕಾಕೂ ಓಗ್ಲಿಲ್ಲ ಸ್ವಾಮಿ.”

ಅವನು ನನ್ನನ್ನು ಹೊಡೆದಿದ್ದರೆ ಚೆನ್ನಾಗಿತ್ತು. ಹೊಡೆಯಲಿಲ್ಲ. ತಮಟೆಯನ್ನು ಮತ್ತೆ ಗೂಟಕ್ಕೆ ಹಾಕಲು ಹೋದವನು, ಏನೋ ನೆನೆದು ತಿರುಗಿದ.

“ನಾನು ಸಾರಾಕಿಲ್ಲ,” ಎಂದ. “ಅವತ್ತು ಆವಮ್ಮನ ಮಾತ ನೀವ್ ಬರುದ್ರಿ. ಇವತ್ತು ನಿಮ್ ಮಾತ ನನ್ ಬಾಯಲ್ಲಿ ಏಳುಸ್ಬ್ಯಾಡಿ. ಬಡಿಯಾದ್ ಬಡೀತೀನಿ. ನೀವ್ ಮುಂದೆ ನಡ್ದು ನಿಮ್ ಬಾಯಲ್ಲೇ ಕೂಗ್ಬೇಕು.”

ಆಯಿತು ಎಂದೆ.

ನಾಳೆ ಬೆಳಿಗ್ಗೆ, ಹಸು ಕರೆದು ಎಲ್ಲರೂ ಇನ್ನೂ ಮನೆಯಲ್ಲಿರುವ ಹೊತ್ತಿಗೆ ಹೊರಡುತ್ತೇವೆ. ಮೊದಲು ನಿಮ್ಮ ಗುಡಿಸಲ ಮುಂದೆ, ಆಮೇಲೆ ಕೇರಿಯ ಒಂದೊಂದು ಬಾಗಿಲಲ್ಲಿ, ಆಮೇಲೆ ಮೇಲಿನ ಬೀದಿ, ನಮ್ಮ ಮನೆ, ಕೊನೆಗೆ ಆ ಬಾವಿಯ ಕಟ್ಟೆ. ಹೆಂಡತಿಗೆ ಹೇಳಿದ್ದೇನೆ, ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಿದ್ದಾಳೆ. ಗಂಡಿನವರಿಗೂ ಕಾಗದ ಹಾಕಿದ್ದೇನೆ. ನೀವಿದ್ದಾಗ ಆಗಬೇಕಾಗಿದ್ದ ಕೆಲಸ, ನೀವಿಲ್ಲದಾಗ ಆಗುತ್ತಿದೆ. ಇದರಿಂದ ನಿಮಗೆ ಇನ್ನು ಏನೂ ಸಿಗುವುದಿಲ್ಲ ಎಂದು ಬಲ್ಲೆ. ಕೂಗಬೇಕಾದ ಮಾತನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಲು ಹೋದೆ, ಆಮೇಲೆ ಬೇಡವೆನಿಸಿ ಹರಿದು ಹಾಕಿದೆ. ಅದರಲ್ಲಿ ಬರೆದುಕೊಳ್ಳುವಂಥದ್ದು ಏನೂ ಇಲ್ಲ. ಬಾವಿ ಕೇರಿಗೇ ಎಂದು ಮುನಿಯಮ್ಮನವರು ಹೇಳಿದರು, ನಾನು ಹಾಗೆ ಬರೆಯಲಿಲ್ಲ.